ಬರಿ ಪಾತ್ರೆ ಕಳಿಸದ ಮನೆ

ಹೊಸಕೋಟೆಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು. ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ, ಜಡೆ ಸ್ವಂತದ್ದೇ. ನನಗೆ ರೇಗಿಹೋಗುತ್ತಿತ್ತು. ದೊಡ್ಡಬಳ್ಳಾಪುರದಿಂದ ಬಂದ ಹೆಂಗಸು ಮಾತ್ರ ಇದಾವುದನ್ನೂ ಕೇಳಲಿಲ್ಲ. ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು ಎದ್ದು ಬಂದು, ನನ್ನ ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ, “ಕೈ ಬೆವರಲ್ಲ. ನಮ್ಮನೆಗಾಗುತ್ತೆ,” ಎಂದರು. ನಮ್ಮಮ್ಮ ಆಮೇಲೆ ಎಷ್ಟೋ ದಿನ, ಅವರೇನು ಹೆಣ್ಣು ನೋಡಲು ಬಂದಿದ್ದರೋ ನಾಡಿ ನೋಡಲು ಬಂದಿದ್ದರೋ ಎಂದು ಆಡಿಕೊಂಡಳು.

ಮದುವೆಯಾಗಿ ಆ ಮನೆ ಸೇರಿದ ಮೇಲೆ ಗೊತ್ತಾಯಿತು. ಅವರದು ಬೇಸಾಯದ ಸಾಮಾನಿನ ಅಂಗಡಿ. ಬೆವರುವ ಕೈ ಮುಟ್ಟಿದ ಕಬ್ಬಿಣದ ಮೇಲೆ ಬೆಳಗಾಗುವಷ್ಟರಲ್ಲಿ ಐದು ಬೆರಳಿನ ಗುರುತೂ ತುಕ್ಕು ಹಿಡಿದಿರುತ್ತದೆ. ಅತ್ತೆಯ ಲೆಕ್ಕದಲ್ಲಿ ಹಾಡು ಬರದ ಸೊಸೆಯನ್ನು ಸಹಿಸಬಹುದು, ತುಕ್ಕು ಹಿಡಿಸುವ ಸೊಸೆಯನ್ನು ಸಹಿಸಲಾಗದು.

ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹಿತ್ತಲು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಮಗ್ಗ. ಬೆಳಗಿನಿಂದ ಬೈಗಿನವರೆಗೆ ಆ ಲಟಕ್ ಪಟಕ್ ಸದ್ದು. ಮದುವೆಯಾದ ಹೊಸದರಲ್ಲಿ ತಲೆನೋವು ಬರುತ್ತಿತ್ತು, ಆಮೇಲೆ ಹಬ್ಬದ ದಿನ ಮಗ್ಗ ನಿಂತರೆ ತಲೆನೋವು ಬರುತ್ತಿತ್ತು. ಈ ವ್ಯಾಪಾರ ಶುರು ಮಾಡಿದವರು ನಮ್ಮ ಮಾವನ ತಂದೆ. ಅವರಿಗೆ ಅಂಗಡಿ ಇರಲಿಲ್ಲ, ಒಂದು ಬಂಡಿ ಇತ್ತು. ನೇಗಿಲಿನ ಗುಳ, ಗುದ್ದಲಿ, ಕುಡುಗೋಲು, ಬಂಡಿಚಕ್ರದ ಪಟ್ಟಿ ಹೇರಿಕೊಂಡು ದೇವನಹಳ್ಳಿಯಿಂದ ಘಾಟಿಯವರೆಗೆ ಊರೂರು ತಿರುಗುತ್ತಿದ್ದರಂತೆ. ಮಾವನ ಕಾಲಕ್ಕೆ ಬಂಡಿ ನಿಂತು ಅಂಗಡಿಯಾಯಿತು. ಸೀಮೆ ನೇಗಿಲು ಬಂತು, ಕಬ್ಬಿನ ಗಾಣ ಬಂತು, ಮೇವು ಕತ್ತರಿಸುವ ಯಂತ್ರ ಬಂತು.

ಸೀಮೆ ನೇಗಿಲೆಂದರೆ ಪೂರ್ತಿ ಕಬ್ಬಿಣದ್ದು. ಅದನ್ನು ಕಂಡು ರೈತರು ಮಾರು ದೂರ ನಿಲ್ಲುತ್ತಿದ್ದರು. ಎತ್ತು ಎಳೆಯಲ್ಲ, ಭೂಮಿ ಬಿಸಿಯಾಗುತ್ತೆ, ಮಳೆ ಹೋಗುತ್ತೆ, ಒಬ್ಬೊಬ್ಬರದು ಒಂದೊಂದು ಕಥೆ. ಅದಕ್ಕೆ ಮಾವ ಒಂದು ಪದ್ಧತಿ ಮಾಡಿದ್ದರು. ಅಂಗಡಿಯಲ್ಲಿ ಮಾರುವಂತಿಲ್ಲ. ಸಾಮಾನು ಮೊದಲು ರೈತನ ಹೊಲಕ್ಕೆ ಹೋಗಬೇಕು, ಅವನ ಎತ್ತು, ಅವನ ಮಣ್ಣು. ಮಾವ ಪಂಚೆ ಎತ್ತಿಕಟ್ಟಿ ತಾವೇ ಮೇಣಿ ಹಿಡಿದು ಉತ್ತು ತೋರಿಸುತ್ತಿದ್ದರು. ಒಪ್ಪಿದರೆ ವ್ಯಾಪಾರ, ಇಲ್ಲದಿದ್ದರೆ ಮಜ್ಜಿಗೆ ಕುಡಿದು ವಾಪಸ್ಸು. ಸಾಹುಕಾರನಾಗಿ ಕಂಡವರ ಹೊಲ ಉಳುತ್ತಾನೆಂದು ಪೇಟೆಯವರು ನಗುತ್ತಿದ್ದರು. ಮಾವನಿಗೆ ಅದರ ಪರಿವೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಮಾರುವುದಕ್ಕಿಂತ ಉಳುವುದರಲ್ಲೇ ಹೆಚ್ಚು ಖುಷಿ.

ಅಂಗಡಿಯ ಕಥೆ ಹೇಳುವಾಗ ಗಂಡಸರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಹಿತ್ತಲಿನ ಕಥೆ ಯಾರೂ ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ಯಾವ ಸಾಮಾನೇ ಆಗಲಿ, ಹೊಲಕ್ಕೆ ಹೊರಡುವ ಹಿಂದಿನ ದಿನ ಹಿತ್ತಲಿಗೆ ಬರಬೇಕು. ಅಲ್ಲಿ ಅತ್ತೆ, ನಾನು ಅದಕ್ಕೆ ಹೊಂಗೆ ಎಣ್ಣೆಯ ಅಭ್ಯಂಜನ ಮಾಡುತ್ತಿದ್ದೆವು. ತುಕ್ಕು ಹಿಡಿಯದಿರಲೆಂದು ಶುರುವಾದದ್ದು, ಅತ್ತೆಯ ಕೈಯಲ್ಲಿ ಶಾಸ್ತ್ರವೇ ಆಗಿಬಿಟ್ಟಿತ್ತು. ಮಗುವಿನ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಎಣ್ಣೆ ಹಚ್ಚುವಂತೆ ನೇಗಿಲಿನ ಸಂದಿಗೊಂದಿಗಳಿಗೆಲ್ಲ ಹಚ್ಚಬೇಕು. ಆಮೇಲೆ ಅರಿಸಿನ ಕುಂಕುಮ. ಹೊಸ ಸಾಮಾನು ಮೊದಲ ಸಲ ಹೊಲಕ್ಕೆ ಹೋದಾಗ ಅತ್ತೆಯೂ ಕಮಾನು ಗಾಡಿಯಲ್ಲಿ ಹಿಂದೆ ಹೋಗಿ, ಆ ಮನೆಯ ಯಜಮಾನಿಯ ಜೊತೆ ನಿಂತು ಪೂಜೆ ಮಾಡಿ ಬರಬೇಕು. “ಹೆಣ್ಣು ಕಳಿಸೋ ಮನೆ ಕಣೇ ಇದು. ಬಾಗ್ಲಲ್ಲೇ ಬಿಟ್ಟು ಬರಕ್ಕಾಗುತ್ತಾ?” ಎನ್ನುತ್ತಿದ್ದರು.

ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಈ ಮನೆಯಿಂದ ಬರಿ ಪಾತ್ರೆ ಹೊರಗೆ ಹೋಗಬಾರದು. ನೆರೆಯವರ ಪಾತ್ರೆ ಹಿಂದಿರುಗಿಸುವಾಗ ಒಂದು ಹಿಡಿ ಸಕ್ಕರೆಯೋ ಅಕ್ಕಿಯೋ ಹಾಕಿ ಕೊಡುವುದು ಎಲ್ಲರ ಮನೆಯಲ್ಲೂ ಉಂಟು. ಅತ್ತೆ ಅದನ್ನು ಕಬ್ಬಿಣಕ್ಕೂ ಹತ್ತಿಸಿದ್ದರು. ಬಿತ್ತುವ ಕೂರಿಗೆಗೆ ಬಟ್ಟಲಿದೆಯೇ, ಒಂದು ಹಿಡಿ ರಾಗಿ ಹಾಕು. ಎತ್ತುಗಳಿಂದ ನೀರೆತ್ತುವ ಕಪಿಲೆಯ ಬಾನಿಯೇ, ಒಂದು ಚೊಂಬು ನೀರು ಹಾಕು. ಕಬ್ಬಿನ ಗಾಣದ ತಲೆಯ ಮೇಲೆ ಎಣ್ಣೆ ಬಟ್ಟಲಿದೆಯೇ, ಹೊಂಗೆ ಎಣ್ಣೆ ತುಂಬು. ಗುಂಡಿ ಇದ್ದದ್ದೆಲ್ಲ ಪಾತ್ರೆ, ಪಾತ್ರೆಯೆಲ್ಲ ತುಂಬಿರಬೇಕು. ನನಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ, ತವರಿಗೆ ಹೋದಾಗ ಕೈಯಲ್ಲಿ ಹೊಂಗೆ ಎಣ್ಣೆಯ ಕಮಟು ವಾಸನೆ ಇಲ್ಲವೆಂದು ಏನೋ ಕಳೆದುಕೊಂಡಂತಾಗುತ್ತಿತ್ತು. ತಣ್ಣನೆಯ ಕಬ್ಬಿಣ, ಬೆಚ್ಚನೆಯ ಎಣ್ಣೆ, ಹಿತ್ತಲಿನ ಬಿಸಿಲು. ಇಷ್ಟು ಸುಖದ ಕೆಲಸಕ್ಕೆ ಜನ ಮೂಗು ಮುರಿಯುತ್ತಿದ್ದರಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಯಿತು, ಅಂಗಡಿಗೆ ಬರುವುದು ನಿಂತಿತು. ಮಾವ ಹಳೆಯ ನೇಗಿಲು ಕೊಂಡು, ರಿಪೇರಿ ಮಾಡಿಸಿ, ಅವನ್ನೇ ಮಾರಿ ದಿನ ತಳ್ಳಿದರು. ಗೋಡೆ ಖಾಲಿ ಕಾಣಬಾರದೆಂದು ಇದ್ದ ನಾಲ್ಕು ಕುಡುಗೋಲನ್ನೇ ದಿನಕ್ಕೊಂದು ಕಡೆ ನೇತು ಹಾಕುತ್ತಿದ್ದರು.

ಆಗ ಬಾಯಿ ತೆರೆದವರು ದೊಡ್ಡಮಾವ. ಅಂದರೆ ಮಾವನ ಅಣ್ಣ, ಮನೆಯ ಹಿರಿಯರು. ಅಂಗಡಿಯಲ್ಲಿ ಅವರಿಗೂ ಅರ್ಧ ಪಾಲು. ಅವರು ಸಾಮಾನು ತರಲೆಂದು ಆಗಾಗ ಬೆಂಗಳೂರಿಗೆ ಹೋಗುತ್ತಿದ್ದರು, ಹೋದಾಗಲೆಲ್ಲ ಅಲ್ಲಿನ ಕಾಫಿ ಹೋಟೆಲುಗಳಲ್ಲಿ ಕೂತು ಬರುತ್ತಿದ್ದರು. ಯಾವ ಬೀದಿಯ ದೋಸೆ ಗರಿಗರಿ, ಯಾವ ಹೋಟೆಲಿನ ಚಟ್ನಿ ನೀರು ಎಂದು ಹರಿಕಥೆಯಂತೆ ವರ್ಣಿಸುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿಯೇಬಿಟ್ಟರು.

“ನೋಡಪ್ಪಾ, ನೇಗ್ಲು ತಗೊಂಡೋನು ಮತ್ತೆ ಅಂಗಡಿಗೆ ಬರೋದು ಅವನ ಮಗನ ಕಾಲಕ್ಕೆ. ಕಾಫಿ ಕುಡಿದೋನು ಸಾಯಂಕಾಲಕ್ಕೇ ಬರ್ತಾನೆ. ಹೋಟ್ಲು ಇಡೋಣ.”

ಮಾವ ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು. ಅತ್ತೆ ಅಡಿಗೆಮನೆ ಬಾಗಿಲಿನಿಂದಲೇ, “ಅಕ್ಕಿಗೇ ರೇಷನ್ನು, ದೋಸೆಗೆ ಏನ್ ಹಾಕ್ತಾರಂತೆ ಭಾವನೋರು?” ಎಂದರು. ದೊಡ್ಡಮಾವ, ರೇಷನ್ನು ಇವತ್ತಿರುತ್ತೆ ನಾಳೆ ಹೋಗುತ್ತೆ ಎಂದು ಕೈ ಬೀಸಿದರು.

ಅವರಿಗೆ ಅಲ್ಲಿಗೇ ತೃಪ್ತಿಯಾಗಲಿಲ್ಲ. ಯುದ್ಧ ಮುಗಿದ ಮರುವರ್ಷ ಶಿವಗಂಗೆಯ ಕಡೆಯಿಂದ ಒಂದು ಬಂಡಿ ಬಂದು ಹಿತ್ತಲಿನಲ್ಲಿ ನಿಂತಿತು. ಬಂಡಿಯಲ್ಲಿ ಒಂದು ರುಬ್ಬುವ ಕಲ್ಲು. ಮನೆಯಲ್ಲಿರುವಂಥದ್ದಲ್ಲ, ಮದುವೆ ಛತ್ರದ ಅಳತೆಯದು. ಅದರ ಗುಣಿಯಲ್ಲಿ ಎಳೆ ಮಗುವನ್ನು ಕೂರಿಸಿ ನೀರು ಹಾಕಬಹುದಿತ್ತು. ಗುಂಡನ್ನಂತೂ ಇಬ್ಬರು ಆಳು ಉರುಳಿಸಿ ಇಳಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಹೋಟೆಲು ಹುಟ್ಟುವ ಮುಂಚೆ ಕಲ್ಲು ಬಂತು. ಹೋಟೆಲಾದರೆ ಬೋರ್ಡು ಅವರದು, ಗಲ್ಲಾ ಅವರದು, ರುಬ್ಬುಗುಂಡು ನನ್ನದು. ಅತ್ತೆಗೆ ವಯಸ್ಸಾಗಿತ್ತು. ಮನೆಯಲ್ಲಿ ಸೊಸೆ ಎಂದು ಇದ್ದವಳು ನಾನೊಬ್ಬಳೇ. ಬೆಳಗಿನ ಜಾವ ಎದ್ದು ಆ ಬೆಟ್ಟದಂಥ ಗುಂಡು ತಿರುಗಿಸುತ್ತ ನನ್ನ ಆಯಸ್ಸು ಕಳೆಯುವುದು ಕಣ್ಣಿಗೆ ಕಟ್ಟಿದಂತಾಯಿತು. ನಮ್ಮನೆಯವರ ಹತ್ತಿರ ಹೇಳಿಕೊಂಡೆ. ಅವರು ಪಾಪ, ಒಳ್ಳೆಯವರು, “ಆಗ ನೋಡೋಣ ಬಿಡು,” ಎಂದರು. ಒಳ್ಳೆಯ ಗಂಡಸರ ತೊಂದರೆಯೇ ಇದು.

ಮಾವ ಬಾಯಲ್ಲಿ ಜಗಳವಾಡುವವರಲ್ಲ. ಬೆಂಗಳೂರಿನಲ್ಲಿ ಯುದ್ಧಕ್ಕೆಂದು ತರಿಸಿ ಉಳಿದ ಸಾಮಾನು ಹರಾಜಾಗುತ್ತಿತ್ತು. ಅಲ್ಲಿಗೆ ಹೋಗಿ ಒಂದು ಎಣ್ಣೆ ಇಂಜಿನ್ನು, ನೀರೆತ್ತುವ ಪಂಪು ಹಿಡಿದು ತಂದರು. ಅದು ರೈಲಿನಲ್ಲಿ ಬಂತು. ಸ್ಟೇಷನ್ನಿನಿಂದ ಬಂಡಿಯಲ್ಲಿ ತರುವಾಗ ಹುಡುಗರೆಲ್ಲ ಹಿಂದೆ ಓಡಿ ಬಂದು, ರೈಲು ಮರಿ ಹಾಕಿದೆ ಎಂದು ಕೂಗಿದರು. ನೋಡಲು ಹಾಗೇ ಇತ್ತು. ಒಂದು ದೊಡ್ಡ ಗಾಲಿ, ದಪ್ಪ ಹೊಟ್ಟೆ, ಮೇಲೊಂದು ಮೊಂಡು ತಲೆ. ಆ ತಲೆಯನ್ನು ಬುಸ್ಸೆನ್ನುವ ಬೆಂಕಿದೀಪದಿಂದ ಕೆಂಪಗೆ ಕಾಯಿಸಿ, ಗಾಲಿ ತಿರುಗಿಸಿದರೆ ಶುರುವಾಗುತ್ತದೆ. ಹೊಟ್ಟೆಗೆ ಕ್ರೂಡಾಯಿಲ್ಲು ಹಾಕಬೇಕು. ಸೀಮೆಎಣ್ಣೆಯ ದಪ್ಪನೆಯ ಅಣ್ಣ ಅದು, ನೋಡಲು ಕಂದು ಬಣ್ಣ.

ಅದನ್ನು ನೋಡಿಕೊಳ್ಳಲು ಪೇಟೆಯ ಮೇಸ್ತ್ರಿ ಸಾಹೇಬರು ಬಂದರು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರಲ್ಲ, ಅಂಥ ಬಸ್ಸಿನ ಡ್ರೈವರಾಗಿದ್ದವರು. ಮನೆಯಲ್ಲಿ ಅವರದು ದಖ್ಖನಿ ಮಾತು, ನಮ್ಮ ಹತ್ತಿರ ಕನ್ನಡ, ಇಂಜಿನ್ನಿನ ಹತ್ತಿರ ಎರಡೂ.

ಪೇಟೆಯವರೆಲ್ಲ ಬಂದು ಇಂಜಿನ್ನು ನೋಡಿದರು. ಕೊಳ್ಳುವವರು ಮಾತ್ರ ಯಾರೂ ಇಲ್ಲ. ಕೊನೆಗೆ ಮಾಕಳಿದುರ್ಗದ ತಪ್ಪಲಿನ ಒಂದು ಹಳ್ಳಿಯ ಪಟೇಲರು ಬಂದರು. ಅವರದು ದೊಡ್ಡ ಬಾವಿ, ದ್ರಾಕ್ಷಿ ತೋಟ ಹಾಕುವ ಆಸೆ. ಕಪಿಲೆಯ ನೀರು ಸಾಲುತ್ತಿರಲಿಲ್ಲ. ಅವರು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಎತ್ತಿನ ಹಲ್ಲು ನೋಡುವವರಂತೆ ಬಗ್ಗಿ ನೋಡಿ ಕೇಳಿದರು.

“ಎಲ್ಲಾ ಸರಿ ಯಜಮಾನ್ರೇ. ಎತ್ತಿಗೆ ಮೇವು ನನ್ನ ಹೊಲದಲ್ಲೇ ಬೆಳೀತದೆ. ಇದರ ಮೇವು ಯಾರ ಹೊಲದಲ್ಲಿ ಬೆಳೀತದೆ?”

ದೀಪ ಹಚ್ಚುವ ಸೀಮೆಎಣ್ಣೆಗೇ ಜನ ಚೀಟಿ ಹಿಡಿದು ನಿಲ್ಲುತ್ತಿದ್ದ ಕಾಲ. ಒಂದು ಡಬ್ಬ ಕ್ರೂಡಾಯಿಲ್ಲಿಗೆ ಮಾವ ಬೆಂಗಳೂರೆಲ್ಲ ಸುತ್ತಿದ್ದರು. ಆದರೂ ಬಿಡದೆ, “ಮೊದಲು ನಿಮ್ಮ ಬಾವಿಗೆ ತರ್ತೀನಿ, ನೋಡಿ ಆಮೇಲೆ ಹೇಳಿ,” ಎಂದರು. ಪಟೇಲರು ಆಗಲೆಂದರು. ಅಲ್ಲೇ ಕೂತಿದ್ದ ದೊಡ್ಡಮಾವ ಇದೇ ಸಮಯವೆಂದು ತಮ್ಮನ ಕಡೆ ತಿರುಗಿದರು.

“ಪಟೇಲ್ರ ಮುಂದೇನೇ ಮಾತಾಗ್ಲಿ. ಆ ಬಾವಿ ಹತ್ರಾನೇ ಇದು ಉಳಕೊಂಡ್ರೆ ನಾನು ಹೋಟ್ಲು ಮಾತು ಎತ್ತಲ್ಲ. ವಾಪಸ್ ಬಂದ್ರೆ ಯುಗಾದಿಗೆ ಬೋರ್ಡು ಬದಲಾಯಿಸ್ತೀವಿ. ಒಪ್ಪಿಗೇನಾ?”

ಮಾವ ಒಂದು ಗಳಿಗೆ ಗೋಡೆಯ ಕುಡುಗೋಲುಗಳನ್ನು ನೋಡಿದರು. “ಒಪ್ಪಿಗೆ,” ಎಂದರು. ಬಾಗಿಲ ಹಿಂದೆ ನಿಂತಿದ್ದ ನಾನು ನನ್ನ ಎರಡು ಕೈಗಳನ್ನೂ ನೋಡಿಕೊಂಡೆ.

ಹೊರಡುವ ಹಿಂದಿನ ಮಧ್ಯಾಹ್ನ ಇಂಜಿನ್ನು ಪದ್ಧತಿಯಂತೆ ಹಿತ್ತಲಿಗೆ ಬಂತು. ಇಷ್ಟು ದೊಡ್ಡ ಮಗುವಿಗೆ ನಾವು ಯಾವತ್ತೂ ಎಣ್ಣೆ ಹಚ್ಚಿರಲಿಲ್ಲ. ಅತ್ತೆ ಸೆರಗು ಕಟ್ಟಿ ಆ ಕಡೆ, ನಾನು ಈ ಕಡೆ. ಗಾಲಿಯ ಕಡ್ಡಿಗಳಿಗೆಲ್ಲ ಹಚ್ಚಿ, ಮೊಂಡು ತಲೆಗೆ ಕುಂಕುಮವಿಟ್ಟು, ಕೆಲಸ ಮುಗಿಯಿತೆನ್ನುವಾಗ ಅತ್ತೆಗೆ ಮೇಲಿನ ಮುಚ್ಚಳ ಕಂಡಿತು. ತೆರೆದು ಇಣುಕಿದರು. ಒಳಗೆ ಒಂದು ತೊಟ್ಟಿ, ಬರಿದು.

“ಅಯ್ಯೋ ನನ್ನಪ್ಪಾ, ಇಷ್ಟು ದೊಡ್ಡ ಹೊಟ್ಟೆ, ಒಂದು ತೊಟ್ಟೂ ಇಲ್ವಲ್ಲೇ! ಹಿಂಗೇ ಕಳಿಸಿದ್ರೆ ಆ ಹೆಂಗ್ಸು ಏನಂದ್ಕೊಂಡಾಳು?”

ನಾನು ಕೊಳವೆ ಹಿಡಿದೆ, ಅತ್ತೆ ಹೊಯ್ದರು. ಮನೆಯಲ್ಲಿದ್ದ ಹೊಂಗೆ ಎಣ್ಣೆಯ ಗುಡಾಣ ತಳ ಕಂಡಿತು. ತೊಟ್ಟಿ ಕಂಠದವರೆಗೆ ತುಂಬಿದ ಮೇಲೆ ಅತ್ತೆ ಮುಚ್ಚಳ ಹಾಕಿ, ಅದಕ್ಕೂ ಒಂದು ಬೊಟ್ಟಿಟ್ಟು, ನೆಮ್ಮದಿಯಾಗಿ ಉಸಿರು ಬಿಟ್ಟರು. ಇಬ್ಬರಿಗೂ ಒಳ್ಳೆಯ ಕೆಲಸ ಮಾಡಿದ ತೃಪ್ತಿ. ಕ್ರೂಡಾಯಿಲ್ಲು ಎಲ್ಲಿ ಹಾಕುತ್ತಾರೆಂದು ನಮಗೆ ಹೇಳಿದವರು ಯಾರು? ಗಂಡಸರು ಇಂಜಿನ್ನಿನ ಮಾತೆಲ್ಲ ಅಂಗಡಿಯಲ್ಲೇ ಆಡಿ ಮುಗಿಸುತ್ತಿದ್ದರು.

ಬೆಳಗ್ಗೆ ಮೇಸ್ತ್ರಿ ಸಾಹೇಬರು ಬಂದು ಮುಚ್ಚಳ ತೆರೆದು ನೋಡಿದರು. ಕಂದು ಬಣ್ಣದ ಎಣ್ಣೆ ತುಂಬಿ ನಿಂತಿದೆ. ಮಾವ ರಾತ್ರಿಯೇ ತುಂಬಿದ್ದಾರೆಂದುಕೊಂಡರು. ಮಾವ ಬಂದು ನೋಡಿ, ಸಾಹೇಬರು ತುಂಬಿದ್ದಾರೆಂದುಕೊಂಡರು. ಇಂಜಿನ್ನಿಗೆ ಬಳಿದಿದ್ದ ಎಣ್ಣೆಯಿಂದ ಹಿತ್ತಲೆಲ್ಲ ಹೊಂಗೆ ನಾರುತ್ತಿತ್ತು, ವಾಸನೆಯಿಂದಲೂ ತಿಳಿಯುವಂತಿರಲಿಲ್ಲ. ಕ್ರೂಡಾಯಿಲ್ಲಿನ ಡಬ್ಬ ಅಂಗಡಿಯ ಮೂಲೆಯಲ್ಲಿ ಹಾಗೇ ಉಳಿಯಿತು.

ಮುಂದೆ ಇಂಜಿನ್ನಿನ ಬಂಡಿ, ಹಿಂದೆ ನಮ್ಮ ಕಮಾನು ಗಾಡಿ. ದೊಡ್ಡಮಾವ ಹೊಸ ರುಮಾಲು ಸುತ್ತಿ ಮುಂದಿನ ಬಂಡಿಯಲ್ಲೇ ಕೂತಿದ್ದರು. ನಾನು ಹೋದದ್ದು ಅತ್ತೆಗೆ ಕುಂಕುಮದ ಬಟ್ಟಲು ಹಿಡಿಯಲು ಎಂದು ನೆಪ. ನಿಜವಾಗಿ ನನ್ನ ಹಣೆಬರಹ ನಾನೇ ನೋಡಬೇಕೆಂದು ಹೋಗಿದ್ದೆ. ದಾರಿಯುದ್ದಕ್ಕೂ ಬೆಟ್ಟದ ಮೇಲಿನ ದೇವರಿಗೆಲ್ಲ ಹರಕೆ ಹೊತ್ತೆ. ಯಾವ ದೇವರಿಗೆ ಏನು ಹೊತ್ತೆನೆಂಬುದು ಆಮೇಲೆ ನೆನಪೇ ಆಗದೆ, ಸಿಕ್ಕಸಿಕ್ಕ ಗುಡಿಗೆಲ್ಲ ಕಾಯಿ ಒಡೆಸಬೇಕಾಯಿತು.

ಬಾವಿಯ ಹತ್ತಿರ ಊರೇ ಸೇರಿತ್ತು. ಬಾವಿಕಟ್ಟೆಯ ಸುತ್ತ, ಬದುವಿನುದ್ದಕ್ಕೂ ಮರಗಳ ನೆರಳು, ತಂಪಾದ ಜಾಗ. ಕಪಿಲೆ ಹೊಡೆಯುವ ಮುದುಕ ತನ್ನ ಎತ್ತುಗಳನ್ನು ಹಿಡಿದು ಒಂದು ಕಡೆ ನಿಂತಿದ್ದ. ಸಾಹೇಬರು ಇಂಜಿನ್ನು ಕೂರಿಸಿ, ಬೆಲ್ಟು ಹಾಕಿ, ಪಂಪಿನ ಕೊಳವೆಯನ್ನು ಬಾವಿಗೆ ಇಳಿಬಿಟ್ಟರು. ಅತ್ತೆ, ಪಟೇಲರ ಹೆಂಡತಿ ಇಬ್ಬರೂ ಸೇರಿ ಪೂಜೆ ಮಾಡಿದರು. ಆಮೇಲೆ ಬೆಂಕಿದೀಪ ಹಚ್ಚಿ ಇಂಜಿನ್ನಿನ ತಲೆ ಕಾಯಿಸಿದರು. ಮಾವ ಪಂಚೆ ಎತ್ತಿ ಕಟ್ಟಿದರು, ಸಾಹೇಬರು “ಬಿಸ್ಮಿಲ್ಲಾ” ಎಂದರು, ಇಬ್ಬರೂ ಗಾಲಿ ತಿರುಗಿಸಿದರು.

ಇಂಜಿನ್ನು ಒಂದು ಸಲ ಕೆಮ್ಮಿತು. ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು.

ಮತ್ತೆ ತಿರುಗಿಸಿದರು. ಮತ್ತೆ ಕೆಮ್ಮು, ಮತ್ತೆ ಹೊಗೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. “ರೈಲಿನ ಮರೀಗೆ ನೆಗಡಿ ಕಣ್ರಲಾ,” ಎಂದು ಯಾರೋ ಅಂದರು, ಜನರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಮಾವ ಮರದಡಿ ಕಂಬಳಿಯ ಮೇಲೆ ಕಾಲು ಚಾಚಿ ಕೂತು, ಊರಿನವರಿಗೆ ಆಗಲೇ ಬೆಂಗಳೂರಿನ ದೋಸೆಯ ವರ್ಣನೆ ಶುರು ಮಾಡಿದ್ದರು. ಮಾವನ ಮುಖದಿಂದ ಬೆವರು ಇಳಿಯುತ್ತಿತ್ತು. ನನಗೆ ಆ ಮುಖ ನೋಡಲಾಗದೆ ಅಳು ಒತ್ತಿ ಬಂತು. ನನ್ನ ರುಬ್ಬುಗುಂಡಿನ ಚಿಂತೆ ಎಲ್ಲಿ ಹೋಯಿತೋ ಕಾಣೆ. ಕಂಡವರ ಹೊಲ ಉತ್ತು ನಗುತ್ತಿದ್ದ ಮನುಷ್ಯ ಗಲ್ಲಾದ ಹಿಂದೆ ಕೂತು ಕಾಫಿ ಲೋಟ ಎಣಿಸುತ್ತಾನೆಯೇ?

ಅಷ್ಟರಲ್ಲಿ ಹೊಗೆ ನಮ್ಮ ಕಡೆ ತಿರುಗಿತು. ಪಟೇಲರ ಹೆಂಡತಿ ಮೂಗು ಅರಳಿಸಿದರು. “ಇದೇನ್ರಮ್ಮಾ, ಹೊಂಗೆ ದೀಪ ಆರಿಸಿದಂಗೆ ವಾಸ್ನೆ?”

ಅತ್ತೆ ಹೆಮ್ಮೆಯಿಂದ ಎದೆಯುಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. “ಮತ್ತೆ? ಬರಿದಾಗಿ ಕಳಿಸ್ತೀವಾ? ನಾನೂ ಸೊಸೇನೂ ಹೊಟ್ಟೆ ತುಂಬಾ ಹೊಂಗೆ ಎಣ್ಣೆ ಹಾಕಿ ಕರ್ಕೊಂಡ್ ಬಂದಿದೀವಿ.”

ಸಾಹೇಬರು ಮುಚ್ಚಳ ತೆರೆದು ಬೆರಳು ಅದ್ದಿ ಮೂಸಿದರು. ಮಾವ ಅತ್ತೆಯ ಕಡೆ ನೋಡಿದರು. ಅವರು ಅತ್ತೆಯ ಹತ್ತಿರ ಯಾವತ್ತೂ ಏರುದನಿಯಲ್ಲಿ ಮಾತಾಡಿದವರಲ್ಲ, ಅವತ್ತೂ ಆಡಲಿಲ್ಲ. ತಲೆಯ ಮೇಲೆ ಕೈ ಹೊತ್ತು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಕ್ರೂಡಾಯಿಲ್ಲಿನ ಡಬ್ಬ ದೊಡ್ಡಬಳ್ಳಾಪುರದಲ್ಲಿ. ಬಂಡಿ ಹೋಗಿ ಬರುವಷ್ಟರಲ್ಲಿ ಸಂಜೆ. ದೊಡ್ಡಮಾವ ಎದ್ದು ರುಮಾಲು ಸರಿಮಾಡಿಕೊಂಡು, “ಹೊರಡೋಣ್ವಾ ಹಂಗಾದ್ರೆ?” ಎಂದರು.

ಸಾಹೇಬರು ಮಾತ್ರ ಬೆರಳಿಗಂಟಿದ ಎಣ್ಣೆಯನ್ನು ಉಜ್ಜುತ್ತ ನಗಲು ಶುರು ಮಾಡಿದರು.

“ಅರೆ ಮಾಲೀಕ್, ಏಳಿ ಮೇಲೆ. ಮೂರು ವರ್ಷ ನಾನು ಇದ್ದಿಲು ತಿನ್ನಿಸಿ ಬಸ್ಸು ಓಡಿಸಿದೀನಿ. ಇದು ಎಣ್ಣೆ ಇಂಜಿನ್ನು ಅಲ್ವಾ? ಅಮ್ಮಾವ್ರು ಹಾಕಿರೋದೂ ಎಣ್ಣೇನೇ ಅಲ್ವಾ? ಸ್ವಲ್ಪ ದಪ್ಪ, ಅಷ್ಟೇ. ತಲೆ ಇನ್ನೂ ಚೆನ್ನಾಗಿ ಕಾಯಿಸೋಣ. ಆಗೋದಾಗ್ಲಿ!”

ಮತ್ತೆ ಬೆಂಕಿದೀಪ ಬುಸ್ಸೆಂದಿತು. ಈ ಸಲ ತಲೆಯನ್ನು, ಕುಂಕುಮದ ಬೊಟ್ಟು ಎಲ್ಲಿದೆಯೆಂದು ಗೊತ್ತಾಗದಷ್ಟು ಕೆಂಪಾಗುವವರೆಗೆ ಕಾಯಿಸಿದರು. ಅತ್ತೆಗೆ ಆಗ ಏನೋ ಎಡವಟ್ಟಾಗಿದೆಯೆಂದು ಹೊಳೆದು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬೆವರದ ನನ್ನ ಕೈ ಅವತ್ತು ಒಂದೇ ಸಮನೆ ಬೆವರಿತು.

ಗಾಲಿ ತಿರುಗಿತು. ಇಂಜಿನ್ನು ಕೆಮ್ಮಿತು, ಹೊಗೆ ಬಿಟ್ಟಿತು, ಇನ್ನೊಂದು ಸಲ ಕೆಮ್ಮಿತು. ನಿಲ್ಲಲಿಲ್ಲ. ಡುಕ್, ಡುಕ್ ಎಂದು ತಡವರಿಸಿ, ಆಮೇಲೆ ಡುಕುಡುಕುಡುಕು ಎಂದು ಹಿಡಿದುಕೊಂಡಿತು. ಬೆಲ್ಟು ಓಡಿತು. ಕೊಳವೆಯ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಮಾವನ ತೊಡೆ ಗಾತ್ರದ ನೀರು ದಬದಬನೆ ಬಂದು ಕಾಲುವೆಗೆ ಬಿತ್ತು.

ಏನು ಕೂಗು, ಏನು ಕೇಕೆ! ಮಕ್ಕಳು ಬಟ್ಟೆ ಸಮೇತ ನೀರಿಗೆ ಬಿದ್ದರು. ಸಾಹೇಬರು ಮಾವನನ್ನು ತಬ್ಬಿಕೊಂಡರು, ಇಬ್ಬರ ಮೈಯೂ ಮಸಿ. ಕಪಿಲೆಯ ಮುದುಕ ಎತ್ತುಗಳ ಬೆನ್ನು ಚಪ್ಪರಿಸಿ, “ನಿಮ್ ತಮ್ಮ ಹುಟ್ದ ಕಣ್ರಲಾ, ಇನ್ನು ಸುಖವಾಗಿ ಮೇಯ್ರಿ,” ಎಂದ. ಎತ್ತುಗಳು ಬಂದು ಇಂಜಿನ್ನಿನ ನೀರನ್ನೇ ಕುಡಿದವು. ಅತ್ತೆ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದರೋ ನಗುತ್ತಿದ್ದರೋ, ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಪಟೇಲರೊಬ್ಬರು ಮಾತ್ರ ನೀರು ನೋಡುತ್ತಿರಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಬಾವಿಕಟ್ಟೆಯ ಸುತ್ತ, ಬದುವಿನುದ್ದಕ್ಕೂ, ದೊಡ್ಡಮಾವ ಕಂಬಳಿ ಹಾಸಿದ್ದ ನೆರಳಿಗೂ ಇದ್ದದ್ದೆಲ್ಲ ಹೊಂಗೆ ಮರ. ಪ್ರತಿ ವರ್ಷ ಕಾಯಿ ಉದುರಿ ಅರ್ಧ ಮಣ್ಣುಪಾಲಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ. ಅವರು ನಿಧಾನವಾಗಿ ಮಾವನ ಹತ್ತಿರ ಬಂದರು.

“ಯಜಮಾನ್ರೇ, ಅವತ್ತು ನಿಮ್ಮ ಅಂಗಡೀಲಿ ಒಂದು ಮಾತು ಕೇಳಿದ್ದೆ. ಉತ್ತರ ನನ್ನ ತಲೆ ಮೇಲೇ ನೇತಾಡ್ತಿತ್ತಲ್ರೀ. ಇದರ ಮೇವು ನನ್ನ ಬದುವಿನಲ್ಲೇ ಬೆಳೀತದೆ. ಇದನ್ನ ಇಲ್ಲಿಂದ ಎತ್ತಬೇಡಿ.”

ಆಮೇಲೆ ನಮ್ಮ ಅಂಗಡಿಗೆ ಬಿಡುವೇ ಇಲ್ಲವಾಯಿತು. ಹೊಂಗೆ ಎಣ್ಣೆಯಲ್ಲಿ ಇಂಜಿನ್ನು ಓಡಿಸಲು ಸಾಹೇಬರು ಒಂದು ಕ್ರಮ ಹಾಕಿಕೊಟ್ಟರು. ಶುರು ಮಾಡುವಾಗ, ನಿಲ್ಲಿಸುವಾಗ ಸ್ವಲ್ಪ ಸೀಮೆಎಣ್ಣೆ, ನಡುವೆ ಹೊಂಗೆ. ಹಾಗೆ ಮಾಡದಿದ್ದರೆ ಒಳಗೆಲ್ಲ ಮಸಿ ಕಟ್ಟುತ್ತದೆ, ಬಿಚ್ಚಿ ತೊಳೆಯಬೇಕು. ತೊಳೆಯಲು ಅವರಿದ್ದರು. ಅವರನ್ನು ಹಳ್ಳಿಗಳಲ್ಲಿ ಹೊಂಗೆ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರು ಅದನ್ನು ಬಿರುದಿನಂತೆ ಹೊತ್ತರು.

ಇಂಜಿನ್ನು ಮೊದಲು ಓಡಿದ ಆ ದಿನ ಸಂಜೆ ಹೊರಡುವಾಗ ಪಟೇಲರ ಹೆಂಡತಿ ನಮ್ಮ ಗಾಡಿಯನ್ನು ಬರಿದಾಗಿ ಕಳಿಸಲಿಲ್ಲ. ಅವರೆಕಾಯಿ, ಬೆಲ್ಲ, ಎಮ್ಮೆ ತುಪ್ಪದ ಗಿಂಡಿ, ಕಾಲಿಡಲು ಜಾಗವಿಲ್ಲದಷ್ಟು ತುಂಬಿದರು. ದಾರಿಯಲ್ಲಿ ಅತ್ತೆ ತುಪ್ಪದ ಗಿಂಡಿಯನ್ನು ಮಡಿಲಿಗೆ ಎಳೆದುಕೊಂಡು, “ನಾನು ಮಾಡಿದ್ದು ತಪ್ಪಾ ಕಣೇ?” ಎಂದು ಕೇಳಿದರು. ಮುಂದೆ ಗಾಡಿ ಹೊಡೆಯುತ್ತಿದ್ದ ಮಾವ ತಿರುಗದೆಯೇ, “ಇನ್ಮೇಲೆ ಗುಡಾಣ ಎರಡು ತರ್ತೀನಿ,” ಎಂದರು.

ದೊಡ್ಡಮಾವ ದಾರಿಯುದ್ದಕ್ಕೂ ನಮಗೆ ಬೆನ್ನು ಹಾಕಿ ಕೂತಿದ್ದರು. ಅವರಿಗೆ ಬೇಜಾರಾಗಿದೆಯೆಂದು ನಮಗೆಲ್ಲ ಅಳುಕು. ಮರುದಿನ ಬೆಳಗ್ಗೆ ನಾನು ಹಿತ್ತಲಿಗೆ ಹೋದಾಗ ಅವರು ಆ ರುಬ್ಬುವ ಕಲ್ಲಿನ ಮುಂದೆ ನಿಂತಿದ್ದರು. ಗುಂಡನ್ನು ಆಳುಗಳಿಂದ ಆಗಲೇ ಉರುಳಿಸಿ ಗೋಡೆ ಬದಿಗೆ ಸೇರಿಸಿದ್ದರು. ನಾನು ಸಂಕೋಚದಿಂದ ಹಿಂದೆ ಸರಿಯಹೋದೆ. ಅವರು ನನ್ನನ್ನು ಕರೆದು, ಗಾಣದವನ ಮನೆಯಿಂದ ತಾವೇ ಹೊತ್ತು ತಂದಿದ್ದ ಹೊಂಗೆ ಎಣ್ಣೆಯ ಡಬ್ಬವನ್ನು ಆ ಗುಣಿಗೆ ಬಗ್ಗಿಸಿದರು. ಗುಣಿ ತುಂಬುವವರೆಗೆ ಸುರಿದು, ಪಂಚೆಗೆ ಕೈ ಒರೆಸಿಕೊಂಡು ಹೇಳಿದರು.

“ಗುಳಗಳನ್ನ ಇದರಲ್ಲೇ ಅದ್ದಿ ತೆಗೀಮ್ಮಾ, ಕೆಲಸ ಬೇಗ ಆಗುತ್ತೆ. ನಮ್ಮನೇಲಿ ಯಾವುದೂ ಬರಿದಾಗಿರಬಾರದಲ್ವಾ.”

ಅವರ ಹೋಟೆಲಿನ ಆಸೆ ಪೂರ್ತಿ ಸಾಯಲಿಲ್ಲ. ಅಂಗಡಿಯ ಜಗಲಿಯ ಮೇಲೆ ಒಂದು ಒಲೆ ಹಾಕಿಸಿ, ಬಂದ ರೈತರಿಗೆಲ್ಲ ತಾವೇ ಕಾಫಿ ಮಾಡಿ ಪುಕ್ಕಟೆ ಕೊಡುತ್ತಿದ್ದರು. ಅದು ಸುಮಾರಾಗಿರುತ್ತಿತ್ತು. ಆ ಕಲ್ಲಿನಲ್ಲಿ ಮಾತ್ರ ಇವತ್ತಿನವರೆಗೂ ಒಂದು ಹಿಡಿ ಹಿಟ್ಟು ರುಬ್ಬಿಲ್ಲ. ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ನಾನು ಎಷ್ಟು ಕಬ್ಬಿಣಕ್ಕೆ ಎಣ್ಣೆ ಹಚ್ಚಿ ಕಳಿಸಿದೆನೋ ಲೆಕ್ಕವಿಲ್ಲ. ಮಗನಿಗೆ ಹೆಣ್ಣು ನೋಡಲು ಹೋಗಿ, ಈಗ ಸೊಸೆಯಾಗಿರುವ ಆ ಹುಡುಗಿಯ ಅಂಗೈ ತಿರುಗಿಸಿ ಉಜ್ಜಿ ನೋಡಿದಾಗಲೂ ನನ್ನ ಬೆರಳಿಗೆ ಆ ಎಣ್ಣೆ ಅಂಟಿಕೊಂಡೇ ಇತ್ತು.